ಟವಲಿನೊಳಗಿನ ಅಪ್ಪ

ರಾಮನಗರದಿಂದ ಮಾಗಡಿಗೆ ಹೋಗುವ ಸಂಜೆ ಬಸ್ಸಿನಲ್ಲಿ ಒಮ್ಮೆ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅದು ಒಂದು ಪ್ಲಾಸ್ಟಿಕ್ ಗೊಂಬೆಯ ಕೃಪೆ.

ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಡಿಗ್ರಿ ಮುಗಿಸಿ ಮಾಗಡಿಯ ಮನೆಯಲ್ಲಿ ಕೂತಿದ್ದವಳಿಗೆ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ಹಳ್ಳಿಗಳಿಗೆ ಹೋಗಿ, ಹಾಲುಗಲ್ಲದ ಮಕ್ಕಳ ಜೊತೆ ಹೇಗೆ ಆಟವಾಡಬೇಕು, ಯಾವ ಆಟದಿಂದ ಮಗುವಿನ ಕಣ್ಣು, ಕೈ, ಕಿವಿ, ಮಾತು ಚುರುಕಾಗುತ್ತವೆ ಅನ್ನುವುದನ್ನು ಹೆತ್ತವರಿಗೆ ಹೇಳಿಕೊಡುವ ಕೆಲಸ. ಇದನ್ನು ನಮ್ಮಮ್ಮನಿಗೆ ವಿವರಿಸಿದಾಗ ಅವಳು ಒಲೆ ಮುಂದಿನಿಂದ ಏಳದೆಯೇ, "ಆಟ ಆಡ್ಸೋಕೂ ಸಂಬ್ಳ ಕೊಡ್ತಾರಾ? ಹಂಗಾದ್ರೆ ನಿನ್ನ ಸಾಕಿದ್ದಕ್ಕೆ ನಂಗೆ ಪಿಂಚಣಿ ಬರ್ಬೇಕು" ಅಂದಳು.

ರಾಮನಗರದಲ್ಲಿ ತರಬೇತಿ ಮುಗಿದ ದಿನ ನಮಗೆಲ್ಲ ಒಂದೊಂದು ಚೀಲ ಕೊಟ್ಟರು. ಅದರಲ್ಲಿ ಚನ್ನಪಟ್ಟಣದ ಮರದ ಗಿಲಕಿ, ಬಣ್ಣದ ಬಟ್ಟೆ, ಒಡೆಯದ ಕನ್ನಡಿ, ಜೊತೆಗೆ ಮೂರು ತಿಂಗಳ ಮಗುವಿನಷ್ಟೇ ಉದ್ದದ ಗೊಂಬೆ. ಗೊಂಬೆ ಚೀಲದಲ್ಲಿ ಹಿಡಿಯಲಿಲ್ಲ. ಹಳೆಯ ವಾಯಿಲ್ ಸೀರೆಯ ತುಂಡೊಂದರಲ್ಲಿ ಸುತ್ತಿ ತೋಳಲ್ಲಿ ಹಿಡಿದು ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ನನ್ನನ್ನು ನೋಡಿದ ಒಬ್ಬ ಹೆಂಗಸು, "ಹಸಿ ಬಾಣಂತಿ ನಿಂತವ್ಳೆ, ಕಣ್ ಕಾಣಕಿಲ್ವಾ ಯಾರ್ಗೂ?" ಅಂತ ಸುತ್ತಲಿನ ಗಂಡಸರಿಗೆಲ್ಲ ಬೈದು, ತಾನೇ ಎದ್ದು ಸೀಟು ಬಿಟ್ಟುಕೊಟ್ಟಳು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬೀಸಿತು. ಬಾಯಿ ಮುಚ್ಚಿಕೊಂಡು ಕೂತೆ.

"ಏನ್ ಮಗ?"

"ಗಂಡು" ಅಂದೆ. ಗೊಂಬೆಗೆ ಅಂಥದ್ದೇನೂ ಇರಲಿಲ್ಲ.

"ಒಂದ್ ಸಾರಿನಾದ್ರೂ ಅಳ್ತದಾ ನೋಡು! ಚಿನ್ನದಂತಾ ಮಗ."

ನಾನು ಚಿನ್ನದ ಬೆನ್ನು ತಟ್ಟಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ನನ್ನ ಮಡಿಲಿನಿಂದ ಏನೋ ಜಾರಿ ಜನರ ಕಾಲುಗಳ ಮಧ್ಯೆ ಉರುಳಿತು. ಯಾರೋ ಕಿಟಾರನೆ ಕಿರುಚಿದರು. ಬಸ್ಸು ನಿಂತಿತು. ಕಂಡಕ್ಟರು ಬಗ್ಗಿ, ಬೆಳ್ಳಗಿನ ಪುಟ್ಟ ಕಾಲೊಂದನ್ನು ಎತ್ತಿ ಹಿಡಿದು, ಕಳೆದುಹೋದ ಛತ್ರಿ ವಿಚಾರಿಸುವವನ ಧಾಟಿಯಲ್ಲಿ, "ಯಾರ್ದಮ್ಮಾ ಇದು ಕಾಲು?" ಅಂದ.

ಆಮೇಲಿನ ದಾರಿಯನ್ನು ನಾನು ನಿಂತುಕೊಂಡೇ ಕಳೆದೆ. ಸೀಟು ವಾಪಸು ಪಡೆದ ಆ ಹೆಂಗಸು ಮಾಗಡಿ ಬರುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಲೇ ಇದ್ದಳು. ಗೊಂಬೆಯನ್ನು ಅಟ್ಟದ ಮೇಲಿಟ್ಟು, ಇನ್ನು ಮೇಲೆ ಜೀವ ಇರುವ ಮಕ್ಕಳ ಸಹವಾಸವೇ ಸರಿ ಎಂದು ಮಾರನೆಯ ವಾರ ಕೆಲಸಕ್ಕೆ ಹೊರಟೆ.

ನನ್ನನ್ನು ಹಾಕಿದ್ದು ಮರಳವಾಡಿ ಕಡೆಯ ಹಳ್ಳಿಗಳಿಗೆ. ಕನಕಪುರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹಾರೋಹಳ್ಳಿ ಸುತ್ತ ರಾಗಿ ಹೊಲಗಳನ್ನು ಮಟ್ಟ ಮಾಡಿ ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ಬೆಳಗಾದರೆ ಗಾರ್ಮೆಂಟ್ಸಿನ ವ್ಯಾನು ಊರೂರಿಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಮಲ್ಲಿಗೆ ಮುಡಿದು, ಊಟದ ಡಬ್ಬಿ ಹಿಡಿದ ಹೆಂಗಸರನ್ನು ತುಂಬಿಕೊಂಡು ಹೋಗಿಬಿಡುತ್ತಿತ್ತು. ನಮ್ಮ ತರಬೇತಿಯಲ್ಲಿ ತಾಯಂದಿರಿಗೆ ಹೇಗೆ ಹೇಳಿಕೊಡಬೇಕು ಅಂತ ಕಲಿಸಿದ್ದರು. ತಾಯಂದಿರೇ ಊರಲ್ಲಿ ಇಲ್ಲದಿದ್ದರೆ ಏನು ಮಾಡಬೇಕು ಅಂತ ಯಾರೂ ಕಲಿಸಿರಲಿಲ್ಲ.

ಮೊದಲ ಸಭೆಗೆ ಅಂಗನವಾಡಿಯಲ್ಲಿ ಬಂದು ಕೂತವರೆಲ್ಲ ಅಜ್ಜಿಯರು. ನಾನು ಕಲಿತದ್ದನ್ನು ಒಪ್ಪಿಸಿದೆ. "ಮಗು ಜೊತೆ ಮಾತಾಡ್ತಾ ಇರಿ. ಸೊಪ್ಪು ಬಿಡಿಸುವಾಗ, ಪಾತ್ರೆ ತೊಳೆಯುವಾಗ. ಅದಕ್ಕೆ ತಿಳಿಯಲ್ಲ ಅಂದ್ಕೋಬೇಡಿ. ಎಲ್ಲಾ ಕೇಳಿಸ್ಕೊಳ್ತದೆ."

"ಎಲ್ಲಾ ಕೇಳಿಸ್ಕತದಾ?" ಮುಂದೆ ಕೂತಿದ್ದ ಒಬ್ಬ ಅಜ್ಜಿ ಗಾಬರಿಯಿಂದ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಅಯ್ಯೋ, ಸೊಸೆ ಇಸ್ಯ ಎಲ್ಲಾ ಅದರ ತಾವೇ ಆಡ್ಕಂಡಿವ್ನಿ ಕಣವ್ವಾ! ಮಾತು ಬಂದ ದಿನ ನನ್ ಗತಿ ಏನು?"

ಸಭೆ ನಗುವಿನಲ್ಲಿ ಮುಗಿಯಿತು. ಅಂಗನವಾಡಿ ಟೀಚರು ಮಾತ್ರ, ಭಾನುವಾರ ಬಂದರೆ ತಾಯಂದಿರು ಸಿಗುತ್ತಾರೆ ಎಂದು ಉಪಾಯ ಹೇಳಿದರು.

ಭಾನುವಾರ ಹೋದೆ. ಅಂದು ಸಿಕ್ಕವಳೇ ಈ ಕಥೆಯ ತಾಯಿ. ನನಗಿಂತ ಚಿಕ್ಕವಳು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಸಭೆ ಮುಗಿದ ಮೇಲೆ ಹಿಂದೆ ಉಳಿದು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನನ್ ಮಗ ನಗಕಿಲ್ಲ."

ಆ ಕಡೆ ಹೆಣ್ಣು ಮಗುವನ್ನೂ ಮಗ ಅನ್ನುತ್ತಾರೆ. ಒಂಬತ್ತು ತಿಂಗಳ ಹೆಣ್ಣು ಕೂಸು. ಕನಕಪುರದ ಡಾಕ್ಟರಿಗೆ ತೋರಿಸಿದ್ದರು. ಕಣ್ಣು, ಕಿವಿ ಎಲ್ಲಾ ಸರಿ ಇದೆ ಎಂದಿದ್ದರು. ಅಂಬೆಗಾಲಿಡುತ್ತಿತ್ತು, ರಾಗಿ ಸರಿ ತಿನ್ನುತ್ತಿತ್ತು. ನಗು ಮಾತ್ರ ಇಲ್ಲ.

"ಯಾರೇ ಬಂದ್ರೂ ತಾಸಿಲ್ದಾರ್ರು ಅರ್ಜಿ ನೋಡ್ದಂಗೆ ನೋಡ್ತದೆ. ನಾನು ಬೆಳಿಗ್ಗೆ ವ್ಯಾನಿಗೆ ಹೋದ್ರೆ ದೀಪ ಹಚ್ಚೋ ಹೊತ್ಗೆ ಬತ್ತೀನಿ. ಅಷ್ಟೊತ್ಗೆ ಮನಗಿರ್ತದೆ. ಅತ್ತೆಗೆ ಹಸ, ಹೊಲ."

"ಮಗು ಅಪ್ಪ?"

"ನಮ್ಮನೆಯೋರ್ದು ಬಿಡದಿ ಕಡೆ ಫ್ಯಾಕ್ಟ್ರೀಲಿ ಸೆಕೆಂಡ್ ಶಿಫ್ಟು. ಮಧ್ಯಾನದ್ವರ್ಗೂ ಮನೇಲೇ ಇರ್ತಾರೆ."

"ಮತ್ತೆ ಅವರು ಆಡಿಸಬಹುದಲ್ಲ?"

ಅವಳು ನನ್ನನ್ನು ತೀರಾ ಪಾಪದವಳೆಂಬಂತೆ ನೋಡಿದಳು. "ಮಾವ ಜಗುಲಿ ಮೇಲೆ ಕುಂತಿರ್ತಾರಲ್ಲಕ್ಕಾ!"

ನನಗೂ ಗೊತ್ತಿದ್ದ ಸಂಗತಿಯೇ. ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಗಂಡಸು ತನ್ನ ಅಪ್ಪನ ಎದುರಿಗೆ ತನ್ನ ಮಗುವನ್ನು ಎತ್ತುವುದಿಲ್ಲ, ಮುದ್ದಿಸುವುದಿಲ್ಲ. ಅಣ್ಣನ ಮಗುವನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಬಹುದು, ಪಕ್ಕದ ಮನೆಯ ಮಗುವಿನ ಮೂಗು ಒರೆಸಬಹುದು. ತನ್ನದೇ ಮಗುವಾದರೆ ನಾಚಿಕೆ. ಅದು ಎಲ್ಲಿಂದ ಬಂತೆಂದು ಇಡೀ ಊರಿಗೆ ಗೊತ್ತಿದ್ದರೂ, ತನಗೆ ಮಾತ್ರ ಗೊತ್ತಿಲ್ಲದವನಂತೆ ಇರಬೇಕು.

ಮಾರನೆಯ ದಿನವೇ ಅವರ ಮನೆಗೆ ಹೋದೆ. ಜಗುಲಿಯ ಮೇಲೆ ಮಗುವಿನ ತಾತ ಕಣ್ಣು ಮುಚ್ಚಿ ಕೂತಿದ್ದರು. ಊರ ನ್ಯಾಯ ಪಂಚಾಯ್ತಿಗಳಲ್ಲಿ ಕೊನೆಯ ಮಾತು ಅವರದು ಎಂದು ಟೀಚರು ಮೊದಲೇ ಎಚ್ಚರಿಸಿದ್ದರು. ಚಾಪೆಯ ಮೇಲೆ ಮಗು ತಾತನಷ್ಟೇ ಗಂಭೀರವಾಗಿ ಕೂತಿತ್ತು. ಕಂಬಕ್ಕೆ ಒರಗಿ ಅಪ್ಪ ನಿಂತಿದ್ದ. ಕಬಡ್ಡಿ ಆಡಿದ ಮೈ, ತಿರುವಿದ ಮೀಸೆ, ಹೆಗಲ ಮೇಲೊಂದು ಟವಲ್ಲು. ಮಗು ಅಂಬೆಗಾಲಿಡುತ್ತಾ ಜಗುಲಿಯ ಅಂಚಿಗೆ ಹೋಯಿತು. ಎತ್ತಿಕೊಳ್ಳುತ್ತಾನೆ ಅಂದುಕೊಂಡೆ. ಅವನು ಬೇರೆಲ್ಲೋ ನೋಡುತ್ತಾ, ಕಾಲಿನಿಂದ ಒಂದು ದಿಂಬನ್ನು ತಳ್ಳಿ ಮಗುವಿಗೆ ಅಡ್ಡ ಇಟ್ಟ. ಆಮೇಲೆ ಹಿತ್ತಲಿನ ಕಡೆಗೆ, "ಅವ್ವೋ, ಮಗ ಬಿದ್ದೋಯ್ತದೆ ನೋಡು" ಎಂದು ಕೂಗಿದ. ಅವನ ತಾಯಿ ಓಡಿ ಬಂದು ಮಗುವನ್ನು ಚಾಪೆಗೆ ಎಳೆದು ಕೂರಿಸಿ, ಮತ್ತೆ ಹಸುವಿನ ಹತ್ತಿರ ಓಡಿದಳು. ನಾನಿದ್ದಷ್ಟು ಹೊತ್ತಿನಲ್ಲೇ ಆ ಮುದುಕಿ ಎಷ್ಟು ಸಲ ಓಡಿ ಬಂದಳೋ.

ನಾನು ಗಿಲಕಿ ಅಲ್ಲಾಡಿಸಿದೆ. ಮಗು ಅದನ್ನು ಇಸಿದುಕೊಂಡು, ತಿರುಗಿಸಿ ನೋಡಿ, ಬೇಡವೆಂದು ಕೆಳಗಿಟ್ಟಿತು. ಕನ್ನಡಿ ಹಿಡಿದೆ. ತನ್ನ ಮುಖವನ್ನೇ ಅನುಮಾನದಿಂದ ನೋಡಿತು. ನಾನು ವೇಲಿನಲ್ಲಿ ಮುಖ ಮುಚ್ಚಿ ತೆಗೆದೆ. ನನ್ನ ಬಗ್ಗೆ ಅದಕ್ಕೆ ಬೇಸರವಾದದ್ದು ಸ್ಪಷ್ಟವಾಗಿ ಕಂಡಿತು.

"ನಗು ಬಂದಾಗ ನಗ್ತದೆ" ಎಂದರು ತಾತ, ಕಣ್ಣು ತೆರೆಯದೆ. "ನಗ್ಸೋಕೆ ನೀನೇನು ನಾಟಕದೋಳೇನಮ್ಮ?"

"ಇದು ನಾಟಕ ಅಲ್ಲ ತಾತ. ಮುಖ ಮರೆಯಾಗಿ ಮತ್ತೆ ಬರೋದನ್ನ ನೋಡಿದ್ರೆ, ಕಣ್ಣಿಗೆ ಕಾಣದೇ ಇದ್ದದ್ದೂ ಇದ್ದೇ ಇರ್ತದೆ ಅಂತ ಮಗುಗೆ ತಿಳೀತದೆ. ಅವರಮ್ಮ ವ್ಯಾನ್ ಹತ್ತಿ ಹೋದ್ರೂ ಸಂಜೆ ಬಂದೇ ಬರ್ತಾಳೆ ಅನ್ನೋ ಧೈರ್ಯ ಬರ್ತದೆ."

ನಾನು ಅಪ್ಪನ ಹೆಗಲ ಮೇಲಿನ ಟವಲ್ಲು ನೋಡಿದೆ. ಬಸ್ಸಿನಲ್ಲಿ ಸೀಟು ಹೊಡೆದವಳ ಬುದ್ಧಿ ಎಲ್ಲಿ ಹೋಗುತ್ತದೆ?

"ಅಣ್ಣಾ, ಸ್ವಲ್ಪ ಇಲ್ಲಿ ಕೂತು ಟವಲ್ ಮುಖದ ಮೇಲೆ ಹಾಕ್ಕೊಳ್ಳಿ. ಮಗು ಕಣ್ಣು ಪರೀಕ್ಷೆ ಮಾಡಬೇಕು."

"ನಾನ್ಯಾಕೆ?"

"ಟವಲ್ ನಿಮ್ಮದಲ್ವಾ?" ಎಂದೆ. ಆಮೇಲೆ ದನಿ ತಗ್ಗಿಸಿ, "ಮುಚ್ಕೊಂಡ್ರೆ ನಿಮಗೆ ನಿಮ್ಮಪ್ಪ ಕಾಣಲ್ಲ. ನಿಮ್ಮಪ್ಪನಿಗೆ ನಿಮ್ಮ ಮುಖ ಕಾಣಲ್ಲ" ಎಂದೆ.

ಈ ಲೆಕ್ಕಾಚಾರ ಅವನಿಗೆ ಒಪ್ಪಿಗೆಯಾಯಿತು. ಚಾಪೆಯ ಮೂಲೆಯಲ್ಲಿ ಕೂತು ಟವಲ್ಲನ್ನು ತಲೆಯ ಮೇಲೆ ಎಳೆದುಕೊಂಡ. ಮಗು ನೋಡಿತು. ಅಷ್ಟು ದೊಡ್ಡ ಮನುಷ್ಯ ಮಾಯವಾಗಿ ಅಲ್ಲಿ ಒಂದು ಬಟ್ಟೆಯ ಗುಡ್ಡ ಕೂತಿತ್ತು. ಮಗು ಅಂಬೆಗಾಲಿಡುತ್ತಾ ಹತ್ತಿರ ಬಂದು, ಅವನ ಮೊಣಕಾಲು ಹಿಡಿದು ನಿಂತು, ಟವಲ್ಲಿನ ತುದಿ ಹಿಡಿದು ಜಗ್ಗಿತು. ಕೆದರಿದ ಕೂದಲು, ಒಂದು ಕಡೆ ಎದ್ದು ಒಂದು ಕಡೆ ಬಿದ್ದ ಮೀಸೆಯ ಮುಖ ಹೊರಗೆ ಬಂತು. ಮಗು ಉಸಿರು ಎಳೆದುಕೊಂಡಿತು. ಅತ್ತೇಬಿಟ್ಟಿತು ಎಂದುಕೊಂಡೆ. ಅದು ಕಿಲಕಿಲನೆ ನಕ್ಕಿತು.

ಹಿತ್ತಲಿನಿಂದ ಅಜ್ಜಿ ಸಗಣಿ ಕೈಯಲ್ಲೇ ಓಡಿ ಬಂದಳು. ನಾನು ಹೇಳದಿದ್ದರೂ ಅವನೇ ಮತ್ತೆ ಟವಲ್ಲು ಎಳೆದುಕೊಂಡ. ಮಗು ಜಗ್ಗಿತು, ನಕ್ಕಿತು. ಮತ್ತೆ ಎಳೆದುಕೊಂಡ. ಈ ಸಲ ಒಳಗಿನಿಂದ "ಬೂ" ಅಂತ ಒಂದು ದನಿಯೂ ಬಂತು. ಮಗು ನಗುವ ರಭಸಕ್ಕೆ ನಿಂತಲ್ಲೇ ಹಿಂದಕ್ಕೆ ವಾಲಿ, ಅಜ್ಜಿಯ ಮೊಣಕೈಗೆ ಒರಗಿತು.

ತಾತ ಕೆಮ್ಮಿದರು.

ಟವಲ್ಲು ಕಲ್ಲಾಯಿತು. ಮಗು ಜಗ್ಗಿದರೂ ಬಿಡದೆ ಅವನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಒಳಗಿನಿಂದ ಪಿಸುಮಾತು ಬಂತು. "ಮೇಡಮ್ಮು, ಅಪ್ಪ ಎದ್ದೋದ್ರಾ?"

"ಇಲ್ಲ."

"ಇತ್ಲಾಗೆ ನೋಡ್ತಾವ್ರಾ?"

"ನೋಡ್ತಾ ಇದ್ದಾರೆ."

"ಹಂಗಾರೆ ನಾನು ಇಲ್ಲೇ ಇರ್ತೀನಿ ಬುಡಿ."

ತಾತ ಮೇಲೆದ್ದು, ಮೆಟ್ಟು ಹಾಕಿಕೊಂಡು, "ಫ್ಯಾಕ್ಟ್ರೀಲಿ ಇದನ್ನೇ ಕಲಿಸ್ತಾರೇನೋ" ಎಂದು ಊರ ಕಟ್ಟೆಯ ಕಡೆ ಹೊರಟುಹೋದರು.

ಕಟ್ಟೆಯಲ್ಲಿ ಅವರು ಏನು ಹೇಳಿದರೋ ಗೊತ್ತಿಲ್ಲ. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಅವನಿಗೆ ಹೊಸ ಹೆಸರು ಬಂದಿತ್ತು. 'ಬೂ ಗೌಡ.' ಟೀ ಅಂಗಡಿಗೆ ಹೋದರೆ ಪೇಪರಿನ ಹಿಂದಿನಿಂದ ಒಬ್ಬ ಇಣುಕಿ "ಬೂ" ಅನ್ನುತ್ತಿದ್ದನಂತೆ. ಕಂಪನಿ ಬಸ್ಸಿನಲ್ಲಿ ಸೀಟಿನ ಹಿಂದಿನಿಂದ "ಬೂ". ಸೊಸೈಟಿಯಲ್ಲಿ ಹಾಲು ಅಳೆಯುವವನೂ ಕ್ಯಾನಿನ ಮುಚ್ಚಳ ತೆಗೆದು "ಬೂ". ಇದರಿಂದ ಬೇಸತ್ತು ಅವನು ಹೆಗಲ ಮೇಲೆ ಟವಲ್ಲು ಹಾಕುವುದನ್ನೇ ಬಿಟ್ಟಿದ್ದ. ಮಗುವಿನ ಕಡೆ ದಿಂಬು ತಳ್ಳುವುದನ್ನೂ ಬಿಟ್ಟಿದ್ದ. ಮಗು ಮತ್ತೆ ತಹಸೀಲ್ದಾರಾಗಿತ್ತು.

"ಇನ್ಮೇಲೆ ಆ ಮೇಡಮ್ಮು ಮನೆ ಕಡೆ ಬರಂಗಿಲ್ಲ ಅಂದ್ಬುಟ್ರು ನಮ್ಮನೆಯೋರು ಕಣಕ್ಕಾ" ಎಂದಳು ಹೆಂಡತಿ. ಹೇಳುವಾಗ ಅಳು ಬರುತ್ತಿತ್ತು. 'ಬೂ' ಅನ್ನುವ ಕಡೆ ಬಂದಾಗ ಅವಳಿಗೂ ನಗು ತಡೆಯಲಾಗುತ್ತಿರಲಿಲ್ಲ.

ಗಂಡಸರ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ ನಾವು ಮೂವರೂ ಕೂತೆವು. ನಾನು, ಸೊಸೆ, ಅತ್ತೆ. ಆಡಿಕೊಳ್ಳುವ ಗಂಡಸರನ್ನೆಲ್ಲ ಒಂದು ಕಡೆ ಸೇರಿಸಿ ಈ ಮಗುವನ್ನು ನಗಿಸಿ ನೋಡೋಣ ಎಂದು ಸವಾಲು ಹಾಕಿದರೆ ಹೇಗೆ ಎಂದೆ.

"ಬರಿ ಸವಾಲಿಗೆ ಬರಕಿಲ್ಲ ಅವ್ರು" ಎಂದಳು ಅತ್ತೆ. ಸ್ವಲ್ಪ ಯೋಚಿಸಿ, ತಿಪ್ಪೆಯ ಮೇಲೆ ಓಡಾಡುತ್ತಿದ್ದ ಕೆಂಪು ಹುಂಜವನ್ನು ತೋರಿಸಿದಳು. "ಗೆದ್ದೋರಿಗೆ ಅದು ಅಂತ ಹೇಳು. ಇಡೀ ಊರೇ ಬತ್ತದೆ."

"ಯಾರಾದರೂ ಗೆದ್ದುಬಿಟ್ಟರೆ?"

"ನನ್ ಮೊಮ್ಮಗಳು ಬುಡ್ತಾಳಾ?"

ಮುಂದಿನ ಭಾನುವಾರ ಅಂಗನವಾಡಿ ಮುಂದಿನ ಹೊಂಗೆಮರದ ಕೆಳಗೆ ಚಾಪೆ ಹಾಸಿ ಮಗುವನ್ನು ಕೂರಿಸಿದೆವು. ಪಕ್ಕದಲ್ಲಿ ಮಂಕರಿ ಕವಿಚಿ ಅದರೊಳಗೆ ಹುಂಜ. ನನ್ನ ಸಭೆಗಳಿಗೆ ಅಷ್ಟು ಗಂಡಸರು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ತಾತ ಮಾತ್ರ ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ದೂರದ ಕಲ್ಲಿನ ಮೇಲೆ ಬಸ್ಸು ಕಾಯುವವರ ಹಾಗೆ ಕೂತಿದ್ದರು. ಆ ಹೊತ್ತಿನಲ್ಲಿ ಯಾವ ಬಸ್ಸೂ ಇರಲಿಲ್ಲ.

ಟೀ ಅಂಗಡಿಯವನು ಮೊದಲು ಬಂದ. ಕಣ್ಣು ಮೆಳ್ಳಗೆ ಮಾಡಿ ನಾಲಿಗೆ ಹೊರಹಾಕಿದ. ಮಗು ಅವನ ನಾಲಿಗೆಯನ್ನು ಡಾಕ್ಟರಂತೆ ಪರೀಕ್ಷಿಸಿತು. ಇನ್ನೊಬ್ಬ ಕುರಿಯಂತೆ ಅರಚಿದ. ದೂರದ ಹಟ್ಟಿಯಿಂದ ಒಂದು ಕುರಿ ಉತ್ತರ ಕೊಟ್ಟಿತು, ಮಗು ಕೊಡಲಿಲ್ಲ. ಊರ ನಾಟಕದಲ್ಲಿ ರಾಕ್ಷಸನ ಪಾತ್ರ ಮಾಡುವವನು ತೊಡೆ ತಟ್ಟಿ ಅಟ್ಟಹಾಸ ಮಾಡಿದ. ಹಿಂದೆ ನಿಂತಿದ್ದ ಅವನದೇ ಮಗ ಹೆದರಿ ಅಳತೊಡಗಿದ.

ಕೊನೆಗೆ ಹಾಲಿನ ಸೊಸೈಟಿಯವನು ಅತ್ತಿತ್ತ ನೋಡಿ, ಮೆಲ್ಲಗೆ ತನ್ನ ಟವಲ್ಲು ತೆಗೆದು ಮುಖಕ್ಕೆ ಹಾಕಿಕೊಂಡು "ಬೂ" ಎಂದ. ಮಗುವಿನ ತುಟಿ ಸ್ವಲ್ಪ ಅಲ್ಲಾಡಿದಂತೆ ಕಂಡಿತು. ಅಷ್ಟೇ ಸಾಕಾಯಿತು. ಟೀ ಅಂಗಡಿಯವನು ಟವಲ್ಲು ಹಾಕಿಕೊಂಡ, ಕುರಿ ಕೂಗಿದವನು ಹಾಕಿಕೊಂಡ, ರಾಕ್ಷಸನೂ ಹಾಕಿಕೊಂಡ. ಹೊಂಗೆಮರದ ಕೆಳಗೆ ಸಾಲಾಗಿ ಕೂತ ಗಂಡಸರೆಲ್ಲ ಮುಖ ಮುಚ್ಚಿಕೊಂಡು ಒಬ್ಬರಾದ ಮೇಲೊಬ್ಬರು "ಬೂ, ಬೂ" ಅನ್ನುತ್ತಿದ್ದರು. ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು.

ಕಲ್ಲಿನ ಮೇಲಿನಿಂದ ತಾತನ ದನಿ ಕೇಳಿಸಿತು. "ಏನ್ರಲಾ? ನನ್ ಮಗನ್ನ ಆಡ್ಕಂತಿದ್ರಿ. ಈಗ ಅವನ್ನೇ ಮೇಷ್ಟ್ರು ಮಾಡ್ಕಂಡ್ರಾ?"

ಟವಲ್ಲುಗಳು ಒಂದೊಂದಾಗಿ ಇಳಿದವು. ಅಪ್ಪ ಗುಂಪಿನ ಹಿಂದೆ, ಕಲ್ಲಿನ ತೊಟ್ಟಿಗೆ ಆತು ನಿಂತಿದ್ದ. ಯಾರೋ ಅವನನ್ನು ಮುಂದಕ್ಕೆ ನೂಕಿದರು. "ನೀನೂ ಒಂದ್ ಕೈ ನೋಡ್ಲಾ."

ಬಂದು ಮಗುವಿನ ಮುಂದೆ ಕೂತ. ಅಭ್ಯಾಸದಂತೆ ಕೈ ಹೆಗಲಿಗೆ ಹೋಯಿತು. ಅಲ್ಲಿ ಟವಲ್ಲಿರಲಿಲ್ಲ. ಒಂದು ಕಡೆ ಇಡೀ ಊರು, ಇನ್ನೊಂದು ಕಡೆ ತನ್ನ ಅಪ್ಪ, ಮಧ್ಯೆ ಬರೀ ಮುಖ ಹೊತ್ತು ಕೂತ ಆ ದೊಡ್ಡ ಗಂಡಸು ಕಿವಿಯವರೆಗೂ ಕೆಂಪಾದ. ನನಗೆ ನಿಜಕ್ಕೂ ಪಾಪ ಅನ್ನಿಸಿತು. ಮಗು ಅವನ ಹೆಗಲು ನೋಡಿತು. ಮುಖ ನೋಡಿತು. ಏನೋ ಕಮ್ಮಿಯಾಗಿದೆ ಎಂದು ಅದಕ್ಕೆ ತಿಳಿಯಿತೇನೋ. ನಿಧಾನವಾಗಿ ತನ್ನ ಫ್ರಾಕಿನ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಎತ್ತಿ, ತನ್ನ ಮುಖವನ್ನೇ ಮುಚ್ಚಿಕೊಂಡಿತು. ಹೊಟ್ಟೆ ಹೊಕ್ಕುಳೆಲ್ಲ ಊರಿಗೆ ಕಾಣುತ್ತಿತ್ತು. ಮುಖ ಮಾತ್ರ ಇಲ್ಲ. ಆಮೇಲೆ ಫಕ್ಕನೆ ಫ್ರಾಕು ಕೆಳಗಿಳಿಸಿ, ಅಪ್ಪನನ್ನು ನೋಡಿ, ಕೇಕೆ ಹಾಕಿ ನಕ್ಕಿತು.

ಅವನು ಅಪ್ಪನ ಕಡೆ ನೋಡಲಿಲ್ಲ, ಊರಿನ ಕಡೆ ನೋಡಲಿಲ್ಲ. ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡುಬಿಟ್ಟ. ಅವನ ಹೆಂಡತಿ ತಲೆ ಬಗ್ಗಿಸಿ ಕಣ್ಣೊರೆಸಿಕೊಂಡಳು.

ಆಮೇಲೆ ಹುಂಜದ ಜಗಳ ಶುರುವಾಯಿತು. ಅಪ್ಪ ಏನೂ ಮಾಡಲೇ ಇಲ್ಲ, ಮಗು ತಾನಾಗಿ ನಕ್ಕಿತು, ಅವನಿಗೆ ಹುಂಜ ಹೇಗೆ ಸೇರುತ್ತದೆ ಎಂದು ರಾಕ್ಷಸ ವಾದಿಸಿದ. ತೀರ್ಪು ಹೇಳಲು ತಾತನನ್ನೇ ಕರೆಯಬೇಕಾಯಿತು. ಅವರು ಎದ್ದು ಬಂದು, ಮಂಕರಿಯ ಸುತ್ತ ಒಂದು ಸುತ್ತು ಹಾಕಿ, "ಆಟ ಆಡಿದ್ದು ಮಗ. ನಕ್ಕಿದ್ದೂ ಮಗ. ಹುಂಜ ಮಗೀಂದು" ಎಂದರು. ಹಲ್ಲು ಸರಿಯಾಗಿ ಬರದ ಮಗುವಿಗೆ ಹುಂಜವೇಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಧ್ಯಾಹ್ನ ಆ ಮನೆಯಲ್ಲಿ ಮಗುವಿನ ಪರವಾಗಿ ನಾವೆಲ್ಲ ಮುದ್ದೆಯ ಜೊತೆ ಊಟ ಮಾಡಿದೆವು.

ಟೀ ಅಂಗಡಿಯಲ್ಲಿ ಮತ್ತೆ ಯಾರೂ 'ಬೂ' ಅನ್ನಲಿಲ್ಲವಂತೆ. ಹಾಗೆ ಅಂದವನ ಕಡೆಗೇ ಎಲ್ಲರೂ ಬೆರಳು ತೋರಿಸುತ್ತಾರೆಂಬ ಭಯ ಎಲ್ಲರಿಗೂ ಇತ್ತು. ಸೆಕೆಂಡ್ ಶಿಫ್ಟಿನ ಮೂರು ನಾಲ್ಕು ಜನ ಅಪ್ಪಂದಿರು ಬೆಳಗಿನ ಹೊತ್ತು ಅಂಗನವಾಡಿಗೆ ಬರತೊಡಗಿದರು. ಸ್ಟೀಲ್ ಲೋಟಕ್ಕೆ ಸೌಟಿನಿಂದ ಬಡಿಯುವುದು, ಡಬ್ಬಿಯೊಳಗೆ ಬಟ್ಟೆ ತುರುಕಿ ಎಳೆಯುವುದು, ಮಗು "ಅ" ಅಂದರೆ ತಾವೂ "ಅ" ಅಂದು ಕಾಯುವುದು. ಇಷ್ಟೇ ಆಟಗಳು. ಕಾಸು ಖರ್ಚಿಲ್ಲ. ಬಾಗಿಲು ಮುಂದಕ್ಕೆ ಹಾಕಿಕೊಂಡು ಆಡುತ್ತಿದ್ದರು, ಅದೊಂದು ಷರತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನನ್ನು ಕುದೂರು ಕಡೆಗೆ ಹಾಕಿದರು. ಹೇಳಿ ಹೋಗಲು ಬಂದಾಗ ತಾತ ಜಗುಲಿಯ ಮೇಲೇ ಇದ್ದರು. ಮಗು ಅವರ ಬೆರಳು ಹಿಡಿದು ತೂರಾಡುತ್ತಾ ನಿಂತಿತ್ತು. ತಾತ ಬಹಳ ಕೋಪದಲ್ಲಿದ್ದರು.

"ಬಾರಮ್ಮ, ನಿನ್ನೇ ಕಾಯ್ತಿದ್ದೆ. ನೆನ್ನೆ ಕಟ್ಟೇಲಿ ಅಣ್ಣತಮ್ಮಂದಿರ ಭಾಗದ ನ್ಯಾಯ. ಇದೂ ಜೊತೆಗೆ ಬತ್ತೀನಿ ಅಂತು. ಇಬ್ರೂ ಇನ್ನೇನು ಹೊಡೆದಾಡ್ಬೇಕು. ನಾನು ಬೈಯೋಕೆ ಬಾಯಿ ತೆಗೆದೆ. ಇದು ನನ್ ಮುಖ ನೋಡಿ ನಗೋಕೆ ಹತ್ಕಂಡ್ಬುಡ್ತು. ಅದನ್ನ ನೋಡಿ ದೊಡ್ಡೋನೂ ನಕ್ಕ, ಚಿಕ್ಕೋನೂ ನಕ್ಕ."

"ಆಮೇಲೆ ನ್ಯಾಯ?"

"ಎಲ್ಲಿ ನ್ಯಾಯ? ಒಟ್ಗೇ ಟೀ ಕುಡಿಯಾಕೆ ಹೋದ್ರು. ನನ್ ಮಾತು ಕೇಳೋರೇ ದಿಕ್ಕಿಲ್ಲ." ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅದರ ಮೂಗನ್ನು ತಮ್ಮ ಪಂಚೆಯಿಂದಲೇ ಒರೆಸಿದರು. "ನಗ್ಸೋದ್ ಕಲ್ಸಿದ್ದು ನೀನು. ಇನ್ನ ಒಸಿ ಸುಮ್ಕಿರ್ಸೋಕೆ ಏನಾರ ಆಟ ಐತೇನು ಹೇಳು."

ಅಂಥದ್ದನ್ನು ನಮಗೆ ಕಲಿಸಿರಲಿಲ್ಲ. ಹಾಗೆಂದು ಹೇಳಿದೆ. ಅವರು ನಂಬಲಿಲ್ಲ. ಮಗುವಿನ ಅಪ್ಪ ಶಿಫ್ಟಿಗೆ ಹೊರಡಲು ಒಳಗಿನಿಂದ ಬಂದವನು, ಅಪ್ಪನ ತೊಡೆಯ ಮೇಲಿದ್ದ ಮಗುವಿನ ಕೆನ್ನೆಯನ್ನು ಬಗ್ಗಿ ಒಮ್ಮೆ ಮುಟ್ಟಿ, ಕಂಪನಿ ಬಸ್ಸು ನಿಲ್ಲುವ ಕಡೆಗೆ ಸೈಕಲ್ಲು ತೆಗೆದುಕೊಂಡು ಹೊರಟ. ತಾತ ಅದನ್ನು ಕಂಡೂ ಕಾಣದವರಂತೆ ಕುದೂರಿನಲ್ಲಿ ಈ ಸಲ ರಾಗಿ ಪೈರು ಹೇಗಿದೆ ಎಂದು ನನ್ನನ್ನು ಕೇಳಿದರು. ನಾನಿನ್ನೂ ಕುದೂರಿಗೆ ಹೋಗಿಯೇ ಇರಲಿಲ್ಲ. ಚೆನ್ನಾಗಿದೆ ಎಂದೆ.